ಒಂದು ನೊಗಕ್ಕೆ ಎರಡು ಫೈಲು

ಸರ್ಕಾರಕ್ಕೆ ಕುದುರೆ ಗೊತ್ತು, ಎತ್ತು ಗೊತ್ತು. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದರೆ ಮಾತ್ರ ಅದರ ತಲೆ ಕೆಟ್ಟುಹೋಗುತ್ತದೆ. ಇಷ್ಟು ತಿಳಿದುಕೊಳ್ಳಲು ನನಗೆ ಎರಡೂವರೆ ವರ್ಷ ಹಿಡಿಯಿತು, ಎರಡು ಜೊತೆ ಚಪ್ಪಲಿ ಸವೆದವು, ಸೋಮ್ಯಾ ಕೈಬಿಟ್ಟು ಹೋದ. ಹೋದ ಅಂದರೆ ಸತ್ತನೆಂದು ತಿಳಿಯಬೇಡಿ. ಗುಂಡುಕಲ್ಲಿನ ಹಾಗೆ ಚೆನ್ನಾಗಿದ್ದಾನೆ, ನಮ್ಮ ಮನೆಯಿಂದ ಎರಡೇ ಓಣಿ ಆಚೆ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಸೋಮ್ಯಾ ನಮ್ಮ ಕಿಲಾರಿ ಎತ್ತು. ಅವನು ಹುಟ್ಟಿದ ಸೋಮವಾರವೇ ತಾಯಿ ಆಕಳು ತೀರಿಕೊಂಡಿತು. ಅರಿವೆಯ ಚೂರನ್ನು ಬೆರಳಿಗೆ ಸುತ್ತಿ, ಹಾಲಿನಲ್ಲಿ ಅದ್ದಿ, ಚೀಪಿಸಿ ಬದುಕಿಸಿದವಳು ನಾನು. ನಾಲ್ಕು ಮಕ್ಕಳನ್ನು ಹೆತ್ತಿದ್ದೇನೆ. ನಮ್ಮ ಯಾರಿಗೂ ನೀನು ಇಷ್ಟು ಮಾಡಲಿಲ್ಲ ಎಂದು ಹಿರಿಮಗಳು ಈಗಲೂ ಮುಖ ಉಬ್ಬಿಸುತ್ತಾಳೆ. ಹಿತ್ತಲಲ್ಲಿ ನಿಂತು "ಸೋಮ್ಯಾ, ಬಾರೋ" ಎಂದರೆ ಸಾಕು, ಕಣ್ಣಿ ಹರಿದುಕೊಂಡು ಬಂದು ನನ್ನ ಸೆರಗು ಜಗಿಯುತ್ತಿದ್ದ. ಎಷ್ಟು ಸೀರೆ ತೂತಾದವೋ ಲೆಕ್ಕವಿಲ್ಲ.

ಅವನ ಓಟ ನೋಡಿದವರು ಹಜರತಸಾಬರು. ಅವರು ನಮ್ಮೂರು ದೊಡವಾಡದಿಂದ ಬೈಲಹೊಂಗಲಕ್ಕೆ ಟಾಂಗಾ ಹೊಡೆಯುವವರು. ಟಾಂಗಾಕ್ಕೆ ಒಂದು ಮುದಿ ಕುದುರೆ ಇತ್ತು. ಅದಲ್ಲದೆ ಶರ್ಯತ್ತಿನಲ್ಲಿ ಓಡಿಸಲೆಂದೇ ಸಾಕಿದ ನೂರಿ ಎಂಬ ಕೆಂಪು ಹೆಣ್ಣು ಕುದುರೆ ಇತ್ತು. ಶರ್ಯತ್ತು ಅಂದರೆ ನಮ್ಮ ಕಡೆ ಗಾಡಿ ಓಟ. ಜೋಳ ಕೊಯ್ದ ಮೇಲೆ, ಹೋಳಿ ಹುಣ್ಣಿಮೆ ಮುಗಿದ ಸೋಮವಾರ, ಊರ ಹೊರಗಿನ ಎರೆ ಹೊಲದಲ್ಲಿ ನಡೆಯುತ್ತಿತ್ತು. ಗಾಡಿಗೆ ಒಂದು ಕಡೆ ಕುದುರೆ, ಇನ್ನೊಂದು ಕಡೆ ಎತ್ತು. ಕಿತ್ತೂರಿನಿಂದ, ಸಿರಸಂಗಿಯಿಂದ, ಕಟಕೋಳದಿಂದ ಜೋಡಿಗಳು ಬರುತ್ತಿದ್ದವು. ಗೆದ್ದವರಿಗೆ ಒಂದು ಹಿತ್ತಾಳೆ ಕೊಡ, ಒಂದು ಜರಿ ರುಮಾಲು. ಅಷ್ಟಕ್ಕೇ ಗಂಡಸರು ವರ್ಷವಿಡೀ ಮೀಸೆ ತಿರುವಿಕೊಂಡು ತಿರುಗುತ್ತಿದ್ದರು.

ತೊಂಬತ್ತೇಳರ ದಸರೆಯ ಹಿಂದಿನ ವಾರ ಹಜರತಸಾಬರು ನಮ್ಮ ಕಟ್ಟೆಯ ಮೇಲೆ ಬಂದು ಕುಳಿತರು. "ಯಮನಪ್ಪಣ್ಣಾ, ನಿಮ್ಮ ಸೋಮ್ಯಾ, ನಮ್ಮ ನೂರಿ. ಜೋಡಿ ಕಟ್ಟೂಣೇನ್ರಿ?" ಎಂದು ನಮ್ಮ ಮನೆಯವರನ್ನು ಕೇಳಿದರು. ಇವರು ನನ್ನ ಮುಖವನ್ನೂ ನೋಡದೆ ಹೂಂ ಎಂದುಬಿಟ್ಟರು.

ನನ್ನನ್ನು ಯಾಕೆ ಕೇಳಬೇಕಿತ್ತು ಎಂದರೆ, ಜೋಡಿ ಕಟ್ಟುವುದಕ್ಕೆ ನಮ್ಮ ಓಣಿಗಳಲ್ಲಿ ಒಂದು ಪದ್ಧತಿ ಇತ್ತು. ದಸರೆಯ ಮರುದಿನ ಅದಲಿಬದಲಿ. ಎತ್ತು ಕುದುರೆಯವರ ಮನೆಗೆ ಹೋಗಬೇಕು, ಕುದುರೆ ಎತ್ತಿನವರ ಮನೆಗೆ ಬರಬೇಕು. ಇಲ್ಲದಿದ್ದರೆ ಗಾಡಿ ಹೊಡೆಯುವವನು ತನ್ನ ಪ್ರಾಣಿಯನ್ನು ಉಳಿಸಿ ಇನ್ನೊಬ್ಬನದಕ್ಕೆ ಬಾರುಕೋಲು ಬೀಸುತ್ತಾನೆ. ಐದು ತಿಂಗಳು ಕೈಯಾರೆ ಮೇವು ಹಾಕಿದ ಮೇಲೆ ಅದರ ಮೇಲೆ ಯಾರ ಕೈ ಏಳುತ್ತದೆ? ಮೇವು ಹಾಕುವ ಗ್ವಾದಲಿಯ ಮೇಲೆ ಕೈಯಿಟ್ಟು ಎರಡೂ ಮನೆಯವರು ಮಾತು ಕೊಡಬೇಕು: ಒಮ್ಮೆ ಜೊತೆಯಾಗಿ ಓಡುವ ತನಕ ಮರಳಿ ಕೇಳುವುದಿಲ್ಲ, ಅಲ್ಲಿಯವರೆಗೆ ನನ್ನದು ಎನ್ನುವುದಿಲ್ಲ, ಮುಟ್ಟುವುದಿಲ್ಲ. ಮಾತು ಮುರಿದ ಮನೆಯ ಜೊತೆ ಮತ್ತೆ ಯಾರೂ ಜೋಡಿ ಕಟ್ಟುವುದಿಲ್ಲ.

ಗ್ವಾದಲಿಯ ಮೇಲೆ ಕೈಯಿಟ್ಟಾಗ ನನ್ನ ಕಣ್ಣು ತುಂಬಿದ್ದು ನಿಜ. ಹಜರತಸಾಬರ ಹೆಂಡತಿ ಶಾಹಜಾನಬಿ ನನ್ನ ಭುಜ ಹಿಡಿದಳು. "ಯಕ್ಕಾ, ಐದ ತಿಂಗಳ ಕಣ್ಣ ಮುಚ್ಚಿ ತಗಿಯೂದ್ರಾಗ ಹೋಗ್ತಾವ. ನಮ್ಮ ನೂರಿನ್ನೂ ನಿಮ್ಮ ಕೈಯಾಗ ಕೊಟ್ಟೇನಲ್ರಿ" ಎಂದಳು. ಅವಳ ದನಿಯೂ ಸರಿಯಿರಲಿಲ್ಲ.

ಐದು ತಿಂಗಳು ಹೇಗೋ ಕಳೆದವು. ನೂರಿ ಮೊದಲು ನನ್ನನ್ನು ಕಚ್ಚಲು ಬಂದಳು, ಆಮೇಲೆ ಕಡಲೆ ಹೊಟ್ಟಿಗಾಗಿ ನನ್ನ ಹಿಂದೆ ತಿರುಗಿದಳು. ಅತ್ತ ಸೋಮ್ಯಾ ನನ್ನ ಬಳೆಯ ಸದ್ದು ಕೇಳಿದರೆ ಕೂಗುತ್ತಿದ್ದ. ಅವನು ಕೂಗಿದಾಗ ಹೋಗಿ ಮುಟ್ಟಬಾರದಲ್ಲ, ಅದಕ್ಕೆ ನಾನು ಆ ಓಣಿಯನ್ನೇ ಬಿಟ್ಟು ಸುತ್ತುಬಳಸಿ ನೀರಿಗೆ ಹೋಗತೊಡಗಿದೆ. ಶಾಹಜಾನಬಿಯೂ ನಮ್ಮ ಮನೆಯ ಮುಂದೆ ಬರುವುದನ್ನು ಬಿಟ್ಟಳು. ನಾವಿಬ್ಬರೂ ನಳದ ಹತ್ತಿರ ಸಿಕ್ಕಾಗ ಮೊದಲು ಕೇಳುತ್ತಿದ್ದದ್ದು ಮಕ್ಕಳ ಸುದ್ದಿಯಲ್ಲ, ಹೊಟ್ಟೆಗೆ ತಿಂತೋ ಇಲ್ಲೋ ಎಂದು.

ಶರ್ಯತ್ತಿಗೆ ಒಂದು ದಿನ ಉಳಿದಾಗ ಇಬ್ಬರು ಪೊಲೀಸರು ಒಂದು ಕಾಗದ ಹಿಡಿದು ಬಂದರು. ಹೊಸ ಆದೇಶವಂತೆ. ಪರವಾನಗಿ ಪಡೆದ ಮೈದಾನದಲ್ಲಲ್ಲದೆ ಬೇರೆಲ್ಲೂ ಕುದುರೆ ಓಡಿಸುವಂತಿಲ್ಲ. ಎಲ್ಲೋ ಪಟ್ಟಣದಲ್ಲಿ ಕುದುರೆಯ ಮೇಲೆ ಜೂಜಾಡಿ ಮನೆ ಹಾಳು ಮಾಡಿಕೊಂಡವರಿಗಾಗಿ ಮಾಡಿದ ನಿಯಮ ನಮ್ಮ ಎರೆ ಹೊಲಕ್ಕೆ ಬಂದು ಕುಳಿತಿತ್ತು. ಕಟಕೋಳದ ಜೋಡಿ ಅರ್ಧ ದಾರಿಗೆ ಬಂದದ್ದು ಹಾಗೇ ತಿರುಗಿ ಹೋಯಿತು. "ಅರ್ಜಿ ಹಾಕ್ರಿ, ಕೊಡ್ತಾರ" ಎಂದರು ಪೊಲೀಸರು, ಚಹಾ ಕುಡಿದು.

ಅರ್ಜಿ ಬರೆದವಳು ನಾನು. ಎರಡೂ ಮನೆಯ ಗಂಡಹೆಂಡಿರು ನಾಲ್ವರಲ್ಲಿ ಏಳನೆಯ ಇಯತ್ತೆ ಪಾಸಾದವಳು ನಾನೊಬ್ಬಳೇ. ಗಂಡಸರು ಅದನ್ನು ಕಚೇರಿಗೆ ಒಯ್ದರು. ಯಾವ ಕಚೇರಿ ಎಂದು ಕೇಳಬೇಡಿ. ಹೆಸರು ತೆಗೆದರೆ ಇನ್ನೊಂದು ಫೈಲು ಹುಟ್ಟುತ್ತದೆ. ಅಲ್ಲಿ ಬಸಲಿಂಗಪ್ಪ ಎಂಬ ಗುಮಾಸ್ತ ಇದ್ದ. ಕೆಟ್ಟವನಲ್ಲ. ಆ ಜಾಗದಲ್ಲಿ ಕುಳಿತು ಕುಳಿತು ಅವನ ಮಾತೂ ಫಾರ್ಮಿನ ಹಾಗಾಗಿತ್ತು, ಅಷ್ಟೇ.

"ಇದು ಕುದರಿ ಓಟಾನೋ, ಎತ್ತಿನ ಓಟಾನೋ?" ಎಂದು ಕೇಳಿದನಂತೆ.

"ಎರಡೂ ಕೂಡೇ ರೀ" ಎಂದರು ನಮ್ಮವರು.

"ಎರಡೂ ಕೂಡೆ ಅಂತ ಕಾಲಂ ಇಲ್ರಿ. ಕುದರಿ ಅಂದ್ರ ಬೆಂಗಳೂರಿಗೆ ಹೋಗ್ತೈತಿ. ಅದು ರೇಸಿನ ತೆರಿಗಿ ನೋಡೋ ಇಲಾಖೆ. ಎತ್ತು ಅಂದ್ರ ಜಾನುವಾರು ಇಲಾಖೆ. ಎರಡ ಫೈಲ್ ಮಾಡ್ರಿ."

"ನೊಗ ಒಂದ ಐತಲ್ರಿ?" ಎಂದರಂತೆ ಹಜರತಸಾಬರು.

"ನೊಗಕ್ಕ ಪರವಾನಗಿ ಬ್ಯಾಡ್ರಿ" ಎಂದನಂತೆ ಬಸಲಿಂಗಪ್ಪ.

ಇದನ್ನು ಬಂದು ಹೇಳುತ್ತ ನಮ್ಮವರು ನಕ್ಕರು. ನಾನು ನಗಲಿಲ್ಲ. ರೊಟ್ಟಿ ತಟ್ಟುತ್ತಿದ್ದೆ, ಆ ದಿನದ ರೊಟ್ಟಿಗಳೆಲ್ಲ ನನ್ನ ಪೆಟ್ಟಿಗೆ ಹರಿದುಹೋದವು. ಎರಡು ಫೈಲು ಮಾಡಿದೆವು. ಹೊಲದ ನಕಾಶೆ, ಊರಿನವರ ಒಪ್ಪಿಗೆ, ಪ್ರಾಣಿಗಳ ಫೋಟೋ. ಫೋಟೋದವನು ಸೋಮ್ಯಾನ ಮುಂದೆ ನಿಂತು "ಸ್ವಲ್ಪ ಈ ಕಡೆ ನೋಡ್ರಿ" ಎಂದದ್ದನ್ನು ಹೇಳಿ ಶಾಹಜಾನಬಿ ನಳದ ಹತ್ತಿರ ನನ್ನನ್ನು ನಗಿಸಿದಳು. ಆ ವರ್ಷ ನಾನು ನಕ್ಕದ್ದು ಅದೊಂದೇ ಸಲ.

ವರ್ಷ ತಿರುಗಿತು. ಎರಡನೆಯ ದಸರೆಯೂ ಹೋದ ಮೇಲೆ ಪರಿಶೀಲನೆಗೆ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. ನಮ್ಮ ಕೊಟ್ಟಿಗೆಯಲ್ಲಿ ನೂರಿಯ ಹಲ್ಲು ನೋಡಿದರು, ಕಾಲು ಎತ್ತಿ ನೋಡಿದರು. ಒಂದು ಕಾಗದ ತೆಗೆದು ನಮ್ಮವರನ್ನು ಕೇಳಿದರು.

"ಈ ಕುದರಿ ಮಾಲೀಕರು ನೀವೇನ್ರಿ?"

"ಛೇ ಛೇ, ಅಲ್ರಿ ಸಾಹೇಬ್ರ. ಹಜರತಸಾಬ್ರದು."

"ಮತ್ತ ಅರ್ಜ್ಯಾಗ ಯಮನಪ್ಪ ಅಂತ ಐತಲ್ಲ?"

ಮಾಲೀಕರ ಹೆಸರು ಎಂಬ ಕಾಲಮ್ಮಿನಲ್ಲಿ ಕುದುರೆಗೆ ಯಮನಪ್ಪ, ಎತ್ತಿಗೆ ಹಜರತಸಾಬ ಎಂದು ಬರೆದವಳು ನಾನೇ. ಓಡುವ ತನಕ ನಮ್ಮ ಪ್ರಾಣಿಯನ್ನು ನಮ್ಮದು ಎನ್ನಬಾರದು ಎಂದು ಮಾತು ಕೊಟ್ಟಿದ್ದೆವಲ್ಲ; ಬಾಯಲ್ಲಿ ಅನ್ನಬಾರದ್ದನ್ನು ಕಾಗದದಲ್ಲಿ ಬರೆಯುವುದು ಹೇಗೆ? ನನಗೆ ಬೇರೆ ಯೋಚನೆಯೇ ಬರಲಿಲ್ಲ. ಓದಿಸಿಕೊಂಡು ಕೇಳಿದ ಗಂಡಸರಿಗೂ ತಪ್ಪೆನಿಸಲಿಲ್ಲ, ಹೆಬ್ಬೆಟ್ಟು ಒತ್ತಿದರು.

ಅಧಿಕಾರಿಗೆ ಗ್ವಾದಲಿಯ ಮಾತನ್ನೆಲ್ಲ ಬಿಡಿಸಿ ಹೇಳಿದೆ. ಪೂರ್ತಿ ಕೇಳಿದರು. "ತಂಗೀ, ಪದ್ಧತಿ ಭಾಳ ಚೊಲೋ ಐತಿ. ಆದ್ರ ಸುಳ್ಳು ಮಾಹಿತಿ ಅಂತ ಬರಿಬೇಕಾಗ್ತೈತಿ ನಾನು" ಎಂದರು. ಬರೆದರು. ಎರಡೂ ಫೈಲು ವಾಪಸ್ ಬಂದವು. ಎರಡನೆಯ ಹೋಳಿಯೂ ಹೋಯಿತು.

ಆ ರಾತ್ರಿ ನಮ್ಮವರು ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ನನ್ನ ಕೈ ಮುರಿದುಹೋಗಬಾರದಿತ್ತೇ ಎಂದು ನಾನೇ ನನಗೆ ಶಾಪ ಹಾಕಿಕೊಂಡೆ. ಮಾತು ಮುರಿದು ಅದಲಿಬದಲಿ ವಾಪಸ್ ಮಾಡಿಬಿಡೋಣ ಎಂದು ಮೊದಲ ಸಲ ಬಾಯಿ ಬಿಟ್ಟದ್ದು ಆಗಲೇ. "ಗ್ವಾದಲಿ ಮ್ಯಾಲ ಕೈ ಇಟ್ಟೇವಿ, ಸುಂದರಾ. ಸರ್ಕಾರ ಮಾತು ತಪ್ಪಿದ್ರ ನಾವೂ ತಪ್ಪೂದೇನು?" ಎಂದು ನಮ್ಮವರು ಮಗ್ಗಲು ಬದಲಿಸಿದರು.

ಹೊಸದಾಗಿ ಅರ್ಜಿ ಬರೆದೆ. ಈ ಸಲ ಕುದುರೆಗೆ ಹಜರತಸಾಬ, ಎತ್ತಿಗೆ ಯಮನಪ್ಪ. ಬರೆಯುವಾಗ ಗ್ವಾದಲಿಯ ಕಡೆಗೆ ಬೆನ್ನು ಮಾಡಿ ಕುಳಿತಿದ್ದೆ.

ಎರಡು ಸಾವಿರದ ಇಸವಿ ಬಂತು. ಜಗತ್ತೆಲ್ಲ ಪಟಾಕಿ ಹೊಡೆಯಿತು, ನಮಗೆ ಬೆಂಗಳೂರಿನಿಂದ ಒಂದು ಲಕೋಟೆ ಬಂತು. ಒಳಗೆ ಪ್ರಶ್ನೆಗಳು. ಪ್ರೇಕ್ಷಕರ ಗ್ಯಾಲರಿಯಲ್ಲಿ ಎಷ್ಟು ಆಸನಗಳಿವೆ? ಓಟದ ದಾರಿಗೆ ಎರಡೂ ಕಡೆ ಕಟಾಂಜನವಿದೆಯೇ? ಬಾಜಿ ಕಟ್ಟುವ ಕೌಂಟರುಗಳು ಎಷ್ಟು? ನಾನು ಮೂರು ಸಲ ಓದಿದೆ. ಆಮೇಲೆ ಲಕೋಟೆಯನ್ನು ಕುಬಸದಲ್ಲಿ ಸಿಕ್ಕಿಸಿಕೊಂಡು ಶಾಹಜಾನಬಿಯನ್ನು ಕರೆದೆ. "ನಡಿ, ಈ ಸಲ ನಾವ ಹೋಗೂಣು" ಎಂದೆ. ಬುರ್ಖಾ ಹಾಕಿಕೊಂಡು ಅವಳು, ತಲೆಗೆ ಸೆರಗು ಹೊದ್ದು ನಾನು, ಮೊದಲ ಬಸ್ಸಿಗೇ ಹೊರಟೆವು.

ಬಸಲಿಂಗಪ್ಪ ಕುರ್ಚಿ ತೋರಿಸಿದ. ನಾನು ಕೂರಲಿಲ್ಲ.

"ಗ್ಯಾಲರಿ ಇಲ್ರಿ, ಬದು ಐತಿ. ಜನ ಬದುವಿನ ಮ್ಯಾಲ ಕುಂದರ್ತಾರ. ಬಾಜಿ ಕೌಂಟರ್ ಇಲ್ಲ. ನಮ್ಮ ಊರಾಗ ಯಾರೂ ಬಾಜಿ ಕಟ್ಟೂದಿಲ್ಲ" ಎಂದೆ.

"ಅದ ತೊಡಕು ನೋಡ್ರಿ ಅಕ್ಕಾರ" ಎಂದ ಬಸಲಿಂಗಪ್ಪ ನಿಟ್ಟುಸಿರು ಬಿಟ್ಟು. "ಬಾಜಿ ಇದ್ರ ತೆರಿಗಿ ಬರ್ತೈತಿ. ತೆರಿಗಿ ಇದ್ರ ಪರವಾನಗಿ ಫೀ ಎಷ್ಟಂತ ಹಾಕಬಹುದು. ಬಾಜಿನ ಇಲ್ಲಂದ್ರ ಆ ಕಾಲಂ ಖಾಲಿ ಉಳೀತೈತಿ. ಖಾಲಿ ಉಳಿದದ್ದು ಸಹಿಗೆ ಹೋಗೂದಿಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. "ಅಂದ್ರ ಜೂಜಾಡಿದ್ರ ಪರವಾನಗಿ ಕೊಡ್ತೀರಿ, ಆಡದಿದ್ರ ಪೊಲೀಸರನ್ನ ಕಳಸ್ತೀರಿ! ಹೌದಿಲ್ಲೋ? ನಾಚಿಕಿ ಆಗೂದಿಲ್ಲೇನ್ರಿ ನಿಮಗ? ಎರಡ ವರ್ಷದ ಮ್ಯಾಲಾತು, ನನ್ನ ಎತ್ತು ಮಂದಿ ಮನ್ಯಾಗ ಐತಿ!" ಕಚೇರಿಯ ಟೈಪು ಹೊಡೆಯುವ ಸದ್ದು ನಿಂತುಹೋಯಿತು. ಶಾಹಜಾನಬಿ ನನ್ನ ಸೆರಗು ಎಳೆಯುತ್ತಿದ್ದಳು. "ಮಂದಿ ಮನಿ" ಎಂದುಬಿಟ್ಟೆನಲ್ಲ ಎಂದು ಆಮೇಲೆ ಹೊಳೆದು ನಾಲಿಗೆ ಕಚ್ಚಿಕೊಂಡೆ.

ಆದರೆ ನಾವು ಮೆಟ್ಟಿಲು ಇಳಿಯುವಾಗ ಬಸಲಿಂಗಪ್ಪ ಹಿಂದೆಯೇ ಬಂದಿದ್ದ. ಅತ್ತಿತ್ತ ನೋಡಿ ಮೆಲ್ಲಗೆ ಹೇಳಿದ. "ಅಕ್ಕಾರ, ನಾ ಹೇಳಿದೆ ಅನ್ನಬ್ಯಾಡ್ರಿ. ಎರಡು ಗಾಡಿ ಓಡಿದ್ರ ಅದು ಓಟ. ಒಂದ ಗಾಡಿ ಓಡಿದ್ರ ಅದು ಬರೇ ಗಾಡಿ. ಅದಕ್ಕ ಯಾವ ಕಾನೂನೂ ಇಲ್ಲ." ಇದನ್ನು ಮೊದಲೇ ಹೇಳಲು ಏನಾಗಿತ್ತು ಧಾಡಿ? ಕೇಳಲಿಲ್ಲ. ಕೇಳಿದರೆ ಅದಕ್ಕೂ ಒಂದು ಕಾಲಂ ತೆಗೆಯುತ್ತಿದ್ದ.

ಮನೆಗೆ ಬಂದು ನಾನು ಹಟ ಹಿಡಿದೆ. ಗ್ವಾದಲಿಯ ಮಾತು ಏನಿತ್ತು? ಒಮ್ಮೆ ಜೊತೆಯಾಗಿ ಓಡಬೇಕು. ಗೆಲ್ಲಬೇಕೆಂದಿರಲಿಲ್ಲ, ಎದುರಿಗೆ ಇನ್ನೊಂದು ಗಾಡಿ ಇರಬೇಕೆಂದಿರಲಿಲ್ಲ. ಹಜರತಸಾಬರು ಗಡ್ಡ ನೀವಿಕೊಂಡರು. "ಒಬ್ಬರ ಓಡಿ ಯಾರನ್ನ ಸೋಲಿಸೂದ್ರಿ ಸುಂದರಕ್ಕಾ?" ಎಂದರು. ಅವರ ಮುಖ ನೋಡಲಾಗಲಿಲ್ಲ. ನೂರಿಗೆ ಆಗಲೇ ವಯಸ್ಸಾಗುತ್ತ ಬಂದಿತ್ತು. ಕಟಕೋಳದವರನ್ನು ಒಮ್ಮೆ ಹಿಂದೆ ಹಾಕಬೇಕೆಂಬುದು ಅವರ ಆಸೆಯಾಗಿತ್ತು. ನನಗೆ ಅದೆಲ್ಲ ಬೇಕಿರಲಿಲ್ಲ. ನನಗೆ ಸೋಮ್ಯಾ ಬೇಕಿತ್ತು. ಹಾಗೆಂದು ನೇರವಾಗಿಯೇ ಹೇಳಿದೆ.

ಹೋಳಿ ಮುಗಿದ ಸೋಮವಾರ ಬೆಳಿಗ್ಗೆ ಎರೆ ಹೊಲದಲ್ಲಿ ಗಾಡಿ ಕಟ್ಟಿದೆವು. ಹಲಗೆಯ ಬಡಿತ ಇಲ್ಲ, ರುಮಾಲು ಇಲ್ಲ, ಹಿತ್ತಾಳೆ ಕೊಡ ಇಲ್ಲ. ಬದುವಿನ ಮೇಲೆ ಹತ್ತು ಜನ. ನೂರಿಯ ಲಗಾಮು ನಮ್ಮವರ ಕೈಯಲ್ಲಿ, ಸೋಮ್ಯಾನ ಹಗ್ಗ ಹಜರತಸಾಬರ ಕೈಯಲ್ಲಿ. "ಹ್ಹಾ!" ಎಂದರು. ಓಡಿದವು ನೋಡಿ! ಎರಡು ವರ್ಷ ಕೂಡಿಟ್ಟ ಓಟವನ್ನೆಲ್ಲ ಒಂದೇ ಸಲಕ್ಕೆ ಓಡಿದವು. ಕುದುರೆಯ ಹೆಜ್ಜೆಗೆ ಎತ್ತು, ಎತ್ತಿನ ಭುಜಕ್ಕೆ ಕುದುರೆ, ಒಂದು ಗೇಣು ಹೆಚ್ಚುಕಡಿಮೆಯಿಲ್ಲ. ಮಣ್ಣು ಎದ್ದು ಗಾಡಿಯೇ ಕಾಣದಾಯಿತು. ಅಯ್ಯೋ, ಇವನ್ನು ಯಾರೂ ಸೋಲಿಸುತ್ತಿರಲಿಲ್ಲ ಎಂದು ಆಗ ಎಲ್ಲರಿಗೂ ತಿಳಿಯಿತು. ತಿಳಿದು ಏನು ಬಂತು? ಆ ತುದಿಯಲ್ಲಿ ಗಾಡಿ ನಿಂತಾಗ ಚಪ್ಪಾಳೆ ಹೊಡೆಯಲೋ ಬೇಡವೋ ಎಂದು ಜನ ಒಬ್ಬರ ಮುಖ ಒಬ್ಬರು ನೋಡಿದರು. ಹಜರತಸಾಬರು ಗಾಡಿಯಿಂದ ಇಳಿಯದೆ ಹಾಗೇ ಕುಳಿತಿದ್ದರು.

ಓಡಿದ ಮೇಲೆ ಎರಡನ್ನೂ ನೊಗದಿಂದ ಬಿಚ್ಚಿ ಬಯಲಲ್ಲಿ ಬಿಡುತ್ತಾರೆ. ಅವರವರು ಅವರವರ ಪ್ರಾಣಿಯನ್ನು ಹೆಸರು ಹಿಡಿದು ಕರೆಯಬೇಕು. ಬಂದರೆ ಅದಲಿಬದಲಿ ಮುಗಿಯಿತು. ನಾನು ಹತ್ತು ಹೆಜ್ಜೆ ಮುಂದೆ ಹೋಗಿ ನಿಂತೆ.

"ಸೋಮ್ಯಾ, ಬಾರೋ."

ಅವನು ಕಿವಿ ನಿಮಿರಿಸಿದ. ನನ್ನ ಕಡೆ ನೋಡಿದ. ನೋಡಿದ, ಸುಳ್ಳು ಹೇಳುವುದಿಲ್ಲ. ಗುರುತು ಸಿಕ್ಕಂತೆ ಒಂದು ಹೆಜ್ಜೆಯನ್ನೂ ಇಟ್ಟ. ಆಮೇಲೆ ತಲೆ ತಿರುಗಿಸಿ, ಬದುವಿನ ಹತ್ತಿರ ಬಾಯಿಗೆ ಸೆರಗು ಒತ್ತಿ ನಿಂತಿದ್ದ ಶಾಹಜಾನಬಿಯ ಕಡೆ ನಡೆದ. ಅವಳ ಸೆರಗಿನ ತುದಿ ಬಾಯಿಗೆ ಹಾಕಿಕೊಂಡು ಜಗಿಯತೊಡಗಿದ.

"ನಾ ಕರದಿಲ್ಲ ಯಕ್ಕಾ, ಅಲ್ಲಾನ ಆಣಿ, ನಾ ಕರದಿಲ್ಲ!" ಎಂದು ಅವಳು ಗೋಳೋ ಎಂದು ಅತ್ತಳು. ಅವನನ್ನು ಎರಡೂ ಕೈಯಿಂದ ನನ್ನ ಕಡೆ ತಳ್ಳಿದಳು. ಅವನು ಕದಲಲಿಲ್ಲ. ಅಷ್ಟರಲ್ಲಿ ನನ್ನ ಬೆನ್ನಿಗೆ ಬಿಸಿ ಉಸಿರು ತಾಗಿತು. ನೂರಿ. ಹಜರತಸಾಬರು ಅತ್ತಲಿಂದ "ನೂರಿ, ಆ ಬೇಟಾ" ಎಂದು ಕರೆಯುತ್ತಲೇ ಇದ್ದರು; ಅವಳು ನನ್ನ ಸೊಂಟದಲ್ಲಿ ಕಡಲೆ ಹೊಟ್ಟಿನ ಗಂಟು ಹುಡುಕುತ್ತಿದ್ದಳು.

ಹಗ್ಗ ಹಾಕಿ ಎಳೆದುಕೊಂಡು ಹೋಗಬಹುದಿತ್ತು. ನಮ್ಮವರು ಹಗ್ಗ ಎತ್ತಿಕೊಂಡರು ಕೂಡ. "ಬ್ಯಾಡ, ಬಿಡ್ರಿ" ಎಂದೆ. ಐದು ತಿಂಗಳಿಗೆ ಓಡಿದ್ದರೆ ಬರುತ್ತಿದ್ದ. ಖಂಡಿತ ಬರುತ್ತಿದ್ದ. ಅವನದೇನೂ ತಪ್ಪಿಲ್ಲ, ಶಾಹಜಾನಬಿಯದೂ ಇಲ್ಲ. ಅದು ಗೊತ್ತಿದ್ದೂ ಆ ದಿನ ಅವಳ ಜೊತೆ ಮಾತಾಡದೆ ಮನೆಗೆ ಬಂದೆ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಕಸಬರಿಗೆಯನ್ನು ಗೋಡೆಗೆ ಒಗೆದೆ.

ಮುಂದಿನ ತಿಂಗಳು ಮತ್ತೊಂದು ಲಕೋಟೆ ಬಂತು. ಮೊದಲ ಅರ್ಜಿಗೂ ಎರಡನೆಯ ಅರ್ಜಿಗೂ ಹೆಸರುಗಳಲ್ಲಿ ವ್ಯತ್ಯಾಸ ಕಂಡುಬಂದಿರುತ್ತದೆ. ಪ್ರಾಣಿಗಳ ನಿಜವಾದ ಮಾಲೀಕರು ಯಾರೆಂದು ಹದಿನೈದು ದಿನಗಳೊಳಗೆ ತಿಳಿಸತಕ್ಕದ್ದು. ಕೆಳಗೆ ಎರಡು ಖಾಲಿ ಗೆರೆ.

"ಹರದ ಒಲಿಗೆ ಹಾಕು" ಎಂದರು ನಮ್ಮವರು.

ಹಾಕಲಿಲ್ಲ. ಪೆನ್ನು ತಂದು, ಗ್ವಾದಲಿಯ ದಂಡೆಯ ಮೇಲೆ ಕಾಗದ ಇಟ್ಟು ಬರೆದೆ. ಎತ್ತು ಸೋಮ್ಯಾ: ಶಾಹಜಾನಬಿ. ಕುದುರೆ ನೂರಿ: ಸುಂದರವ್ವ. ಒತ್ತಿ ಬರೆದ ಜೋರಿಗೆ ಕಾಗದ ಒಂದು ಕಡೆ ಹರಿಯಿತು.

ನಮ್ಮವರು ಇಣುಕಿ ನೋಡಿದರು. ಅವರಿಗೆ ಓದಲು ಬರುವುದಿಲ್ಲ. "ಏನ್ ಬರದಿ? ಮತ್ತ ತಪ್ಪ ಬರದೀ ಹುಷಾರು" ಎಂದರು.

"ಈ ಸಲ ತಪ್ಪಿಲ್ಲ" ಎಂದೆ. ನೂರಿಗೆ ಹೊಟ್ಟು ಹಾಕುವ ಹೊತ್ತಾಗಿತ್ತು, ಎದ್ದು ಹೋದೆ.